ಅಂಗಳದ ಬರಡುನೆಲಕ್ಕೆ ಹತ್ತುಗಂಟೆ ಹೂ

ಮನೆಯ ಮುಂದಣ ಅಂಗಳ, ಪಾಠಶಾಲೆಯ ಬಯಲು, ಗುಡಿಯ ಪ್ರಾಕಾರದ ಅಂಚು, ಬಾವಿಗೆ ಹೋಗುವ ದಾರಿಯ ಇಕ್ಕೆಲ, ಇವೇ ಮೊದಲಾದ ಸ್ಥಳಗಳು ಬೇಸಗೆಯಲ್ಲಿ ಬರಿದಾಗಿ ಧೂಳೇಳುವುದು ರೈತ ಮಹಾಶಯರಿಗೆಲ್ಲ ತಿಳಿದ ವಿಷಯವಾಗಿದೆ. ಇಂಥ ಕಡೆ ಹೂಗಿಡಗಳನ್ನು ಬೆಳೆಸಬೇಕೆಂಬ ಇಚ್ಛೆಯು ಅನೇಕರಿಗೆ ಇದ್ದರೂ, ಕುಡಿಯುವ ನೀರನ್ನೇ ದೂರದಿಂದ ಹೊತ್ತು ತರಬೇಕಾದ ಬಯಲುಸೀಮೆಯ ಊರುಗಳಲ್ಲಿ ಹೂವಿನ ಪಾತಿಗೆ ದಿನವೂ ನೀರೆರೆಯುವುದೆಂದರೆ ಮನೆಯ ಹೆಂಗಸರ ತಲೆಯ ಮೇಲೆ ಇನ್ನೊಂದು ಕೊಡವನ್ನು ಹೊರಿಸಿದಂತೆಯೇ ಸರಿ. ಇಂಥ ಸ್ಥಳಕ್ಕೆ ತಕ್ಕದ್ದು ಹತ್ತುಗಂಟೆ ಹೂವಿನ ಗಿಡ. ಪೇಟೆಗಳಲ್ಲಿ ಇದನ್ನು ಟೇಬಲ್ ರೋಸ್ ಎಂದೂ ಕರೆಯುವುದುಂಟು. ಇದನ್ನು ಬೆಳೆಸುವವರು ಒಂದು ಮಾತನ್ನು ಮೊದಲೇ ಮನಸ್ಸಿನಲ್ಲಿಡತಕ್ಕದ್ದು: ಈ ಗಿಡವು ಅಲಕ್ಷ್ಯದಿಂದ ಸಾಯುವುದು ಅಪರೂಪ, ಅತಿಯಾದ ನೀರು, ಗೊಬ್ಬರ, ನೆರಳುಗಳಿಂದ ಸಾಯುವುದೇ ಹೆಚ್ಚು.

ಗಿಡದ ಸ್ವರೂಪ.— ಇದು ದಕ್ಷಿಣ ಅಮೆರಿಕ ಖಂಡದ ಗಿಡ. ಅರ್ಜೆಂಟೀನಾ ದೇಶದ ಮೆಂಡೋಝಾ ಪ್ರಾಂತದ ಬೆಟ್ಟಗಳ ತಪ್ಪಲಿನ ಮರಳುನೆಲದಲ್ಲಿ ಇದನ್ನು ಕಂಡು ಸಂಗ್ರಹಿಸಿದರು. 1829ರಲ್ಲಿ ಹೂಕರ್ ಎಂಬ ಸಸ್ಯಶಾಸ್ತ್ರಜ್ಞರು ಇದನ್ನು ವರ್ಣಿಸಿ ಹೆಸರಿಟ್ಟರು. ಹುಟ್ಟಿದ ನೆಲವು ಎಂಥದೆಂಬುದನ್ನು ತಿಳಿದರೆ ಬೇಸಾಯದ ಅರ್ಧ ತಿಳಿದಂತೆಯೇ ಆಯಿತು. ಗಿಡವು ಆರೆಂಟು ಅಂಗುಲಕ್ಕಿಂತ ಎತ್ತರ ಏಳದೆ ನೆಲದ ಮೇಲೆ ಹಬ್ಬುತ್ತದೆ. ದಂಟು ಮತ್ತು ಎಲೆ ರಸಭರಿತವಾಗಿದ್ದು, ದೊರೆತ ನೀರನ್ನು ತಮ್ಮಲ್ಲೇ ಕೂಡಿಟ್ಟುಕೊಳ್ಳುತ್ತವೆ. ಬಿಸಿಲು ಮತ್ತು ಶಾಖದಲ್ಲಿ ಅಲ್ಪ ನೀರಿನಿಂದ ಆಹಾರವನ್ನು ತಯಾರಿಸಿಕೊಳ್ಳುವ ಕ್ರಮದಲ್ಲಿ ಇದು ನಮ್ಮ ರಾಗಿ, ಜೋಳಗಳ ಗುಂಪಿಗೇ ಸೇರಿದೆ. ಹೂವು ಬಿಸಿಲೇರಿದ ಮೇಲೆ ಅರಳಿ, ಮಧ್ಯಾಹ್ನ ಕಳೆಯುತ್ತಲೇ ಮುದುಡುತ್ತದೆ. ಮೋಡ ಕವಿದ ದಿನ ಸರಿಯಾಗಿ ಅರಳುವುದಿಲ್ಲ. ಒಂದು ಹೂವಿನ ಆಯುಸ್ಸು ಒಂದೇ ದಿನವಾದರೂ ಹೊಸ ಮೊಗ್ಗುಗಳು ನಿತ್ಯವೂ ಬರುತ್ತಿರುತ್ತವೆ. ಜೇನುಹುಳುಗಳು ಈ ಹೂಗಳಿಗೆ ಬರುವುದನ್ನು ಯಾರಾದರೂ ನೋಡಬಹುದು.

ನೆಲ.— ಮರಳು ಬೆರೆತ ಕೆಮ್ಮಣ್ಣು ಉತ್ತಮ. ಕಲ್ಲುಗರಸು ಇದ್ದರೂ ಬಾಧಕವಿಲ್ಲ. ಎರೆಮಣ್ಣಿನಲ್ಲಿ ಬೇರು ಕೊಳೆಯುವುದರಿಂದ ಅಂಥ ಕಡೆ ನಾಲ್ಕರಿಂದ ಆರು ಅಂಗುಲ ಎತ್ತರದ ಏರುಪಾತಿಯನ್ನು ಮಾಡಿಕೊಳ್ಳಬೇಕು. ಎರಡು ಮಂಕರಿ ಕೆಮ್ಮಣ್ಣಿಗೆ ಒಂದು ಮಂಕರಿ ಮರಳು, ಅರ್ಧ ಮಂಕರಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಹಸಿ ಗೊಬ್ಬರವನ್ನು ಹಾಕಲೇಕೂಡದು. ಗೊಬ್ಬರ ಹೆಚ್ಚಾದರೆ ದಂಟು ಕೊಬ್ಬಿ ಹೂ ಕಡಿಮೆಯಾಗುವುದು. ದಿನಕ್ಕೆ ಆರು ಗಂಟೆಗೆ ಕಡಿಮೆಯಿಲ್ಲದೆ ಬಿಸಿಲು ಬೀಳುವ ಸ್ಥಳವನ್ನೇ ಆರಿಸತಕ್ಕದ್ದು. ಮರದ ಬುಡವೂ ಸೂರಿನ ನೀರು ಬೀಳುವ ಜಾಗವೂ ಇದಕ್ಕೆ ಆಗದು.

ಕಡ್ಡಿ ನೆಡುವುದು.— ಕಡ್ಡಿಯಿಂದ ಬೆಳೆಸುವುದೇ ಸುಲಭ. ಮೂರು ನಾಲ್ಕು ಅಂಗುಲ ಉದ್ದದ ಎಳೆಯ ತುದಿಗಳನ್ನು ಚಿವುಟಿ, ಕೆಳಗಣ ಎಲೆಗಳನ್ನು ತೆಗೆದು, ಗಾಯವು ಒಣಗುವಂತೆ ಒಂದು ದಿನ ನೆರಳಿನಲ್ಲಿಡಬೇಕು. ಆಮೇಲೆ ಒಂದೂವರೆ ಅಂಗುಲ ಆಳಕ್ಕೆ, ಆರು ಅಂಗುಲಕ್ಕೊಂದರಂತೆ ನೆಡಬೇಕು. ಈ ಅಂತರದಲ್ಲಿ ಮೂರಡಿ ಉದ್ದ, ಮೂರಡಿ ಅಗಲದ ಪಾತಿಗೆ 36 ಕಡ್ಡಿಗಳು ಹಿಡಿಯುವುವು. ನೆರೆಯವರ ಮನೆಯ ಒಂಬತ್ತು ಗಿಡಗಳಿಂದ ತಲಾ ನಾಲ್ಕು ಕಡ್ಡಿ ದೊರೆತರೆ ಒಂದು ಕಾಸೂ ಖರ್ಚಿಲ್ಲದೆ ಪಾತಿ ತುಂಬಿತು. ಬಯಲುಸೀಮೆಯಲ್ಲಿ ಜಡಿಮಳೆಯ ದಿನಗಳನ್ನು ಬಿಟ್ಟು ಯಾವಾಗಲಾದರೂ ನೆಡಬಹುದು. ಮಲೆನಾಡಿನವರು ಮಳೆಗಾಲ ಪೂರ್ತಿ ಕಳೆದ ಮೇಲೆ ನೆಡುವುದು ಕ್ಷೇಮ.

ಬೀಜ ಬಿತ್ತುವುದು.— ಬೀಜವು ಅತಿ ಸಣ್ಣದಾದುದರಿಂದ ಅದರ ಹತ್ತರಷ್ಟು ನಯವಾದ ಒಣಮರಳಿನಲ್ಲಿ ಬೆರೆಸಿ ಒಟ್ಲುಪಾತಿಯ ಮೇಲೆ ಚೆಲ್ಲಬೇಕು. ಮೊಳೆಯಲು ಬೆಳಕು ಬೇಕು. ಆದಕಾರಣ ಮೇಲೆ ಮಣ್ಣು ಮುಚ್ಚದೆ, ಹಲಗೆಯಿಂದ ಮೆಲ್ಲಗೆ ಒತ್ತಿ, ನೀರನ್ನು ತುಂತುರಾಗಿ ಚಿಮುಕಿಸಬೇಕು. ಬೆಚ್ಚಗಿನ ಕಾಲದಲ್ಲಿ ಒಂದೆರಡು ವಾರದೊಳಗೆ ಮೊಳಕೆ ಕಾಣುವುದು. ಸಸಿ ಎರಡು ಅಂಗುಲವಾದಾಗ ಕಿತ್ತು ನೆಡಬಹುದು. ಸುತ್ತುದಳದ ಹೂಗಳಲ್ಲಿ ಬೀಜ ಕಡಿಮೆ; ಬೀಜದಿಂದ ಬಂದ ಗಿಡಗಳು ತಾಯಿಯ ಬಣ್ಣವನ್ನೇ ಕೊಡುವುವೆಂಬ ಭರವಸೆಯೂ ಇಲ್ಲ. ಮೆಚ್ಚಿದ ಬಣ್ಣವನ್ನು ಉಳಿಸಿಕೊಳ್ಳಬೇಕಾದವರು ಕಡ್ಡಿಯನ್ನೇ ನೆಡತಕ್ಕದ್ದು.

ನೀರು.— ಕಡ್ಡಿ ಬೇರೂರುವವರೆಗೆ ಮಾತ್ರ ಮಣ್ಣು ಸ್ವಲ್ಪ ತೇವವಾಗಿರಲಿ. ಆಮೇಲೆ ಬೆರಳನ್ನು ಎರಡು ಅಂಗುಲ ಆಳಕ್ಕೆ ಊರಿ ನೋಡಿ, ಅಲ್ಲಿಯೂ ಒಣಗಿದ್ದರೆ ಮಾತ್ರ ನೀರು ಕೊಡಬೇಕು. ಗಿಡವೇ ಎರಡು ಗುರುತುಗಳನ್ನು ತೋರಿಸುತ್ತದೆ. ಎಲೆ ಸುಕ್ಕುಗಟ್ಟಿದರೆ ಬಾಯಾರಿಕೆ. ಎಲೆ ಹಳದಿಯಾಗಿ ಮೆತ್ತಗಾಗಿ, ದಂಟು ಬುಡದಲ್ಲಿ ಕಪ್ಪಾದರೆ ನೀರು ಹೆಚ್ಚಾಯಿತೆಂದು ತಿಳಿಯಬೇಕು. ಮೊದಲನೆಯದಕ್ಕೆ ಒಂದು ತಂಬಿಗೆ ನೀರಿನಿಂದ ಪರಿಹಾರವುಂಟು. ಎರಡನೆಯದರಲ್ಲಿ ಬುಡವನ್ನು ಕಿತ್ತೆಸೆದು, ಆರೋಗ್ಯವಾದ ತುದಿಗಳನ್ನು ಬೇರೆ ಕಡೆ ನೆಡುವುದಲ್ಲದೆ ಅನ್ಯ ಮಾರ್ಗವಿಲ್ಲ. ಇವೆರಡನ್ನೂ ಒಂದೇ ಎಂದು ಭಾವಿಸಿ, ಬಾಡಿದ ಗಿಡಕ್ಕೆಲ್ಲ ನೀರು ಸುರಿಯುವುದರಿಂದಲೇ ಬಹಳ ಪಾತಿಗಳು ಹಾಳಾಗುತ್ತವೆ. ಅಕ್ಕಿ, ತರಕಾರಿ ತೊಳೆದ ನೀರೇ ಈ ಗಿಡಕ್ಕೆ ಸಾಕಾಗುವುದು.

ಆರೈಕೆ.— ಕಳೆಯನ್ನು ಕೈಯಿಂದಲೇ ಕೀಳಬೇಕು. ಬೇರು ಮೇಲುಮೇಲೆ ಇರುವುದರಿಂದ ಕುಂಟೆ, ಗುದ್ದಲಿಗಳನ್ನು ಆಡಿಸಬಾರದು. ಕೆಲವು ತಿಂಗಳಲ್ಲಿ ದಂಟು ಉದ್ದವಾಗಿ ಬುಡ ಬೋಳಾದಾಗ, ಅರ್ಧಕ್ಕೆ ಕತ್ತರಿಸಿದರೆ ಹೊಸ ಕವಲೊಡೆದು ಮತ್ತೆ ಹೂಬಿಡುವುದು. ಕತ್ತರಿಸಿದ ತುದಿಗಳನ್ನು ಎಸೆಯದೆ ನೆಡಬೇಕು. ದಂಟಿನ ಸಂದಿಯಲ್ಲಿ ಹತ್ತಿಯಂತೆ ಬೆಳ್ಳಗೆ ಅಂಟಿಕೊಂಡಿರುವುದು ಹಿಟ್ಟುತಿಗಣೆ. ಕಂಡ ಕೂಡಲೆ ಸೋಪಿನ ತಿಳಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ, ಹೆಚ್ಚು ಹತ್ತಿದ ಕವಲುಗಳನ್ನು ಕತ್ತರಿಸಿ ಸುಡಬೇಕು. ಇರುವೆಗಳು ಈ ತಿಗಣೆಯನ್ನು ಕಾಯುವುದರಿಂದ, ಅವುಗಳ ಸಾಲು ಕಂಡಾಗಲೇ ಗಿಡವನ್ನು ಪರೀಕ್ಷಿಸುವುದು ಒಳ್ಳೆಯದು.

ಎರಡು ಎಚ್ಚರಿಕೆಗಳು.— ಮೊದಲನೆಯದಾಗಿ, ನಾವು ಅಡಿಗೆಗೆ ಉಪಯೋಗಿಸುವ ಗೋಣಿಸೊಪ್ಪು ಈ ಗಿಡದ ದಾಯಾದಿ. ಗೋಣಿಸೊಪ್ಪಿನ ಎಲೆ ಚಮಚದಂತೆ ಚಪ್ಪಟೆ, ಹೂ ಹಳದಿ ಮತ್ತು ಚಿಕ್ಕದು. ಹತ್ತುಗಂಟೆ ಹೂವಿನ ಎಲೆ ಸೂಜಿಯಂತೆ ಉರುಟು. ಅಗಲ ಎಲೆಯ, ದೊಡ್ಡ ಹೂವಿನ ಜಾತಿಗಳೂ ಈಗ ಬಂದಿರುವುದರಿಂದ, ಹೂವಿನ ಪಾತಿಯಿಂದ ಸೊಪ್ಪು ಕೊಯ್ಯುವ ಪದ್ಧತಿಯನ್ನು ಇಟ್ಟುಕೊಳ್ಳಬಾರದು. ಈ ಗಿಡಗಳಲ್ಲಿ ಆಕ್ಸಾಲಿಕ್ ಆಮ್ಲದ ಲವಣಗಳಿರುವುದರಿಂದ ಹಸಿದ ಕುರಿ, ಆಡುಗಳನ್ನು ಪಾತಿಯಲ್ಲಿ ಮೇಯಬಿಡಕೂಡದು.

ಎರಡನೆಯದಾಗಿ, ನೆಲವನ್ನು ಮುಚ್ಚುವ ಗಿಡವೆಂದು ನಂಬಿ ಇದನ್ನು ಹೊಲದ ಬದುಗಳಿಗೆ ಹಾಕಬಾರದು. ಇದರ ಬೇರು ಮಳೆಯ ರಭಸಕ್ಕೆ ಮಣ್ಣನ್ನು ಹಿಡಿದು ನಿಲ್ಲಿಸಲಾರದು. ಬದುವಿನ ರಕ್ಷಣೆಗೆ ಗುಂಡ್ಲುಪೇಟೆ ಕಡೆಯ ರೈತರು ಹಿಂದಿನಿಂದ ಬೆಳೆಸುತ್ತ ಬಂದಿರುವ ಲಾವಂಚದಂಥ ಆಳಬೇರಿನ ಹುಲ್ಲೇ ಯೋಗ್ಯವಾದುದು. ಅಂಗಳದ ಗಿಡ ಅಂಗಳದಲ್ಲಿರಲಿ, ಬದುವಿನ ಹುಲ್ಲು ಬದುವಿನಲ್ಲಿರಲಿ.

ಊರಿನ ಯಜಮಾನರು ಮೊದಲು ಪಾಠಶಾಲೆಯ ಮುಂದೆ ಮೂರಡಿಯ ಒಂದೇ ಪಾತಿಯನ್ನು ಮಾಡಿಸಿ, ಬೆರಳೂರಿ ತೇವ ನೋಡುವ ಕ್ರಮವನ್ನು ಮಕ್ಕಳಿಗೆ ಕಲಿಸುವುದು ಮೇಲು. ಪಾತಿ ಹಬ್ಬಿದ ಮೇಲೆ ಕತ್ತರಿಸಿದ ತುದಿಗಳನ್ನು ಮಕ್ಕಳು ಮನೆಮನೆಗೆ ಒಯ್ಯಬಹುದು.