ಹೊಳೆಯಾಚೆಯ ನೋಟುಗಳು

ಅಮೆರಿಕದಲ್ಲಿ 1863ರಿಂದ 1935ರವರೆಗೆ ಸಣ್ಣ ಪಟ್ಟಣಗಳ ಬ್ಯಾಂಕುಗಳ ಹೆಸರಿನಲ್ಲಿಯೂ ನೋಟುಗಳು ಹೊರಡುತ್ತಿದ್ದವು. ಅವುಗಳ ಮೇಲೆ ಊರಿನ ಹೆಸರೂ ಬ್ಯಾಂಕಿನ ಅಧಿಕಾರಿಗಳ ರುಜುವೂ ಇರುತ್ತಿದ್ದುದರಿಂದ, ತಮ್ಮೂರ ನೋಟನ್ನು ಹುಡುಕಿ ಕೂಡಿಡುವವರು ಅಲ್ಲಿ ಇಂದಿಗೂ ಉಂಟು. ಇಂಗ್ಲಿಷರ ಆಡಳಿತದಲ್ಲಿದ್ದ ನಮ್ಮ ಭಾಗದಲ್ಲಿ 1861ರ ಕಾಯಿದೆಯು ಆ ಅಧಿಕಾರವನ್ನು ಸರ್ಕಾರಕ್ಕೇ ಮೀಸಲಿಟ್ಟಿತು.

ಆದರೂ ಗೋನೆಗಂಡ್ಲದವರಿಗೆ ಬೇರೊಂದು ನೋಟು ಸಮೀಪದಲ್ಲಿಯೇ ಇದ್ದಿತು. ಆಗ ತುಂಗಭದ್ರೆಯ ಆಚೆಯ ರಾಯಚೂರು ಸೀಮೆ ನಿಜಾಮರದು. ಹೈದರಾಬಾದ್ ಸಂಸ್ಥಾನವು 1918ರ ಕಾಯಿದೆಯಂತೆ ತನ್ನದೇ ನೋಟುಗಳನ್ನು ಹೊರಡಿಸಿತು. ಅಲ್ಲಿಯ 7 ರೂಪಾಯಿ ಸುಮಾರಾಗಿ ಇಲ್ಲಿಯ 6 ರೂಪಾಯಿಗೆ ಸಮ. ಹೊಳೆ ದಾಟುವ ವ್ಯಾಪಾರಿಗೆ ಈ ಲೆಕ್ಕ ಬಾಯಿಪಾಠವಿರಲೇಬೇಕು! ಉರ್ದು, ಇಂಗ್ಲಿಷು, ತೆಲುಗು, ಮರಾಠಿಗಳೊಡನೆ ಕನ್ನಡದಲ್ಲಿಯೂ ಮೊತ್ತವನ್ನು ಅದರ ಮೇಲೆ ಅಚ್ಚೊತ್ತಿದ್ದರು. ಕನ್ನಡ ಓದಬಲ್ಲ ಬಾಲಕರಿಗೆ ಇದಕ್ಕಿಂತ ಸೊಗಸಾದ ಸಂಗ್ರಹವಸ್ತು ಬೇರೆ ಯಾವುದು?

1950ರ ದಶಕದಲ್ಲಿ ಈ ನಾಣ್ಯಪದ್ಧತಿ ಕೊನೆಗೊಂಡಿತು. ಅಂತಹ ನೋಟು ಬೆಲೆಯಿಲ್ಲದ ಕಾಗದವೆಂದು ತಾಯಿತಂದೆಗಳು ಎಸೆಯಬಾರದು. ಹಳೆಯ ಪೆಟ್ಟಿಗೆಯಲ್ಲಿ ದೊರೆತರೆ ತೊಳೆಯಬೇಡಿರಿ, ಇಸ್ತ್ರಿ ಮಾಡಬೇಡಿರಿ, ಅಂಟುಪಟ್ಟಿಯನ್ನಂತೂ ಹಚ್ಚಲೇಬೇಡಿರಿ. ಅಂಗಡಿಯಲ್ಲಿ ಕೊಂಡ ನೋಟಿಗಿಂತ ಮನೆಯಲ್ಲಿ ದೊರೆತುದೇ ಮೇಲೆಂದು ನಮ್ಮ ಎಣಿಕೆ. ಅದು ಬಂದ ದಾರಿಯನ್ನು ಹೇಳಲು ಹಿರಿಯರಿರುತ್ತಾರೆ. ಅವರನ್ನು ಕೇಳಿ, ಬೇರೆ ಚೀಟಿಯಲ್ಲಿ ಬರೆದು, ನೋಟಿನ ಜತೆಯಲ್ಲಿಯೇ ಮಡಿಸದೆ ಇಡಿರಿ.