ಕುಂಬಳಕಾಯಿ ಹಿಗ್ಗುವುದು ಯಾವ ಹೊತ್ತಿನಲ್ಲಿ?

ಮುಂಗಾರಿನ ಆರಂಭದಲ್ಲಿ ಹಿತ್ತಲಲ್ಲಿ ಊರಿದ ಒಂದು ಕುಂಬಳದ ಬೀಜ ಎರಡು ತಿಂಗಳಲ್ಲಿ ಬಳ್ಳಿಯಾಗಿ ಬೇಲಿಯನ್ನೆಲ್ಲ ಹಬ್ಬುತ್ತದೆ. ಹೀಚು ಕಚ್ಚಿದ ಮೇಲಂತೂ ಅದರ ಬೆಳವಣಿಗೆ ಕಣ್ಣಿಗೆ ಕಾಣುವಷ್ಟು ಬಿರುಸು. "ನಿನ್ನೆ ಸಂಜೆ ಇಷ್ಟಿರಲಿಲ್ಲ, ಬೆಳಗಾಗುವುದರೊಳಗೆ ದಪ್ಪವಾಗಿದೆ" ಎಂದು ಮನೆಯ ಹಿರಿಯರು ಹೇಳುವುದುಂಟು. ಇದು ಬರೀ ಭ್ರಮೆಯೇ? ಅಥವಾ ಕಾಯಿ ನಿಜವಾಗಿಯೂ ರಾತ್ರಿ ಬೆಳೆಯುತ್ತದೆಯೇ? ಆಹಾರ ತಯಾರಾಗುವುದು ಬಿಸಿಲಿನಲ್ಲಿ ತಾನೆ?

ಇಲ್ಲಿ ಕುಂಬಳವೆಂದರೆ ಸಿಹಿಗುಂಬಳ. ಮಲೆನಾಡಿನವರು ಇದನ್ನೇ ಚೀನಿಕಾಯಿ ಎನ್ನುತ್ತಾರೆ. ಬೂದುಗುಂಬಳ ಇದೇ ಕುಟುಂಬದ್ದಾದರೂ ಬೇರೆ ಜಾತಿ. ಸಿಹಿಗುಂಬಳದಲ್ಲಿ ಕುಕುರ್ಬಿಟ ಮೊಸ್ಕೇಟ, ಕುಕುರ್ಬಿಟ ಮ್ಯಾಕ್ಸಿಮ ಮೊದಲಾದ ಪ್ರಭೇದಗಳಿವೆ. ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಚಂದನ್' ಮೊದಲನೆಯದಕ್ಕೆ ಸೇರಿದ್ದು. ಕಾಯಿ 2-3 ಕಿಲೋಗ್ರಾಂ ತೂಗುತ್ತದೆ. ಅದೇ ಸಂಸ್ಥೆಯ 'ಅರ್ಕಾ ಸೂರ್ಯಮುಖಿ' ಮ್ಯಾಕ್ಸಿಮ ಪ್ರಭೇದದ್ದು. ಕಾಯಿ ಸುಮಾರು ಒಂದು ಕಿಲೋಗ್ರಾಂ ಮಾತ್ರ. ಆದರೆ ಇದೇ ಮ್ಯಾಕ್ಸಿಮ ಪ್ರಭೇದದ ದೈತ್ಯ ತಳಿಯೊಂದರ ಕಾಯಿ 2025ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನಲ್ಲಿ 1,278.8 ಕಿಲೋಗ್ರಾಂ ತೂಗಿ ವಿಶ್ವದಾಖಲೆ ಮಾಡಿತು! ಇಂಥ ಕಾಯಿಗಳು ಬಿರುಸಿನ ದಿನಗಳಲ್ಲಿ ದಿನಕ್ಕೆ 20 ಕಿಲೋಗ್ರಾಂವರೆಗೂ ಹೆಚ್ಚುತ್ತವೆ.

ಹಗಲಿನ ಅಡುಗೆ, ರಾತ್ರಿಯ ಹಿಗ್ಗು

ಕುಂಬಳಕಾಯಿಯ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು. ಆದ್ದರಿಂದ ಕಾಯಿ ಬೆಳೆಯುವುದೆಂದರೆ ಮುಖ್ಯವಾಗಿ ಅದರ ಜೀವಕೋಶಗಳಿಗೆ ನೀರು ನುಗ್ಗಿ ಅವು ಹಿಗ್ಗುವುದು. ಕೋಶದೊಳಗೆ ಸಕ್ಕರೆ ಮತ್ತು ಲವಣಗಳಿರುವುದರಿಂದ ಪರಾಸರಣದ ಮೂಲಕ ನೀರು ಒಳಬರುತ್ತದೆ. ಒಳಗಿನ ಒತ್ತಡ ಹೆಚ್ಚಿ ಕೋಶಭಿತ್ತಿ ನಿಧಾನವಾಗಿ ಹಿಗ್ಗುತ್ತದೆ. ಈ ಒತ್ತಡ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಹಿಗ್ಗುವಿಕೆ ನಿಲ್ಲುತ್ತದೆ.

ಈ ಒತ್ತಡ ಎಷ್ಟಿರಬಹುದು? 1874ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಕೃಷಿ ಕಾಲೇಜಿನ ಅಧ್ಯಕ್ಷರಾಗಿದ್ದ ವಿಲಿಯಂ ಕ್ಲಾರ್ಕ್, ಬೆಳೆಯುತ್ತಿದ್ದ ಕುಂಬಳವೊಂದಕ್ಕೆ ಕಬ್ಬಿಣದ ಕಟ್ಟು ತೊಡಿಸಿ, ಅದರ ಮೇಲೆ ಭಾರ ಹೇರುತ್ತ ಹೋದರು. ಕೊನೆಗೆ ಅದು ಹೊತ್ತ ಭಾರ ಸುಮಾರು 5,000 ಪೌಂಡು, ಅಂದರೆ 2,200 ಕಿಲೋಗ್ರಾಂಗೂ ಹೆಚ್ಚು!

ಹಗಲಿನಲ್ಲಿ ಎಲೆಗಳ ಪತ್ರರಂಧ್ರಗಳು ತೆರೆದಿರುತ್ತವೆ. ಅವುಗಳ ಮೂಲಕ ಇಂಗಾಲದ ಡೈಆಕ್ಸೈಡ್ ಒಳಬರುತ್ತದೆ, ನೀರಾವಿ ಹೊರಹೋಗುತ್ತದೆ. ಬಿಸಿಲೇರಿದಂತೆ ಬಾಷ್ಪವಿಸರ್ಜನೆ ಹೆಚ್ಚುತ್ತದೆ. ಬೇರು ಒದಗಿಸುವ ನೀರು ಸಾಲದೆ ಇಡೀ ಬಳ್ಳಿಯಲ್ಲಿ ನೀರಿನ ಎಳೆದಾಟ ಶುರುವಾಗುತ್ತದೆ. ಮುಟ್ಟಿದರೆ ಮಣ್ಣು ಹಸಿಯಾಗಿಯೇ ಇದ್ದರೂ ಮಧ್ಯಾಹ್ನ ಕುಂಬಳದ ಎಲೆ ಜೋತುಬೀಳುವುದು ಇದರಿಂದಲೇ. ಆ ಹೊತ್ತಿನಲ್ಲಿ ಕಾಯಿಯ ಹಿಗ್ಗುವಿಕೆ ಕುಂಠಿತವಾಗುತ್ತದೆ. ಕಾಯಿಯಿಂದಲೇ ಎಲೆಗಳಿಗೆ ನೀರು ಹಿಂದಕ್ಕೆ ಹರಿದು, ಕಾಯಿ ತುಸು ಕುಗ್ಗುವುದನ್ನೂ ಹಲವು ಬಗೆಯ ಸಸ್ಯಗಳಲ್ಲಿ ಅಳೆಯಲಾಗಿದೆ.

ಹೊತ್ತು ಇಳಿದಂತೆ ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ. ಆದರೆ ಬೇರು ನೀರು ಹೀರುತ್ತಲೇ ಇರುತ್ತದೆ. ಹಗಲು ಎಲೆಗಳಲ್ಲಿ ಪಿಷ್ಟವಾಗಿ ಕೂಡಿಟ್ಟ ಆಹಾರ ರಾತ್ರಿ ಸಕ್ಕರೆಯಾಗಿ ಕರಗಿ ಫ್ಲೋಯಂ ನಾಳಗಳಲ್ಲಿ ಕಾಯಿಯತ್ತ ಸಾಗುತ್ತದೆ. ಕುಂಬಳದ ಕುಟುಂಬದಲ್ಲಿ ಹೀಗೆ ಸಾಗುವ ಮುಖ್ಯ ಸಕ್ಕರೆಗಳು ಸ್ಟ್ಯಾಕಿಯೋಸ್ ಮತ್ತು ರ‍್ಯಾಫಿನೋಸ್. ಸಕ್ಕರೆಯೂ ಬಂತು, ನೀರೂ ಬಂತು. ಒತ್ತಡ ಏರಿ ಕಾಯಿ ಹಿಗ್ಗುತ್ತದೆ. ಹಗಲು ಅಡುಗೆ, ರಾತ್ರಿ ಊಟ ಎನ್ನಬಹುದು. ಹಿರಿಯರ ಮಾತಿನಲ್ಲಿ ಹುರುಳಿದೆ. ಆದರೆ ಅದಕ್ಕೆ ಕಾರಣ ಬೆಳದಿಂಗಳಲ್ಲ, ನೀರಿನ ಲೆಕ್ಕಾಚಾರ.

ಬಿಸಿಲು, ಮೋಡ, ಮಳೆ

ಹಾಗಾದರೆ ಮೋಡ ಕವಿದ ದಿನ ಏನಾಗುತ್ತದೆ? ಬೆಳಕು ಕಡಿಮೆಯಾದ್ದರಿಂದ ಆಹಾರ ತಯಾರಿಕೆ ಕಡಿಮೆ. ಆದರೆ ನೀರಿನ ನಷ್ಟವೂ ಕಡಿಮೆ. ಹಿಂದಿನ ದಿನದ ಸಕ್ಕರೆಯ ಬಲದಿಂದ ಕಾಯಿ ಹಗಲಿನಲ್ಲೂ ಹಿಗ್ಗಬಹುದು. ಮೋಡ ವಾರಗಟ್ಟಲೆ ಮುಂದುವರಿದರೆ ಮಾತ್ರ ದಾಸ್ತಾನು ಮುಗಿದು ಬೆಳವಣಿಗೆ ಕುಗ್ಗುತ್ತದೆ. ಒಂದು ದಿನದ ಹಿಗ್ಗನ್ನು ನೀರು ನಿರ್ಧರಿಸಿದರೆ, ಒಂದು ತಿಂಗಳ ಹಿಗ್ಗನ್ನು ಬೆಳಕು ನಿರ್ಧರಿಸುತ್ತದೆ.

ಬಹುಕಾಲ ಒಣಗಿದ ನೆಲಕ್ಕೆ ಒಮ್ಮೆಲೇ ಜೋರು ಮಳೆ ಬಿದ್ದಾಗ ಅಪಾಯ ಬೇರೆ. ನೀರು ರಭಸದಿಂದ ಕಾಯಿಗೆ ನುಗ್ಗುತ್ತದೆ. ಗಟ್ಟಿಯಾಗುತ್ತಿರುವ ಸಿಪ್ಪೆ ಅಷ್ಟೇ ವೇಗದಲ್ಲಿ ಹಿಗ್ಗಲಾರದೆ ಸೀಳುತ್ತದೆ. ಆದ್ದರಿಂದ ಒಂದು ದಿನ ಕೆರೆಯಷ್ಟು ನೀರು ಕೊಟ್ಟು ನಾಲ್ಕು ದಿನ ಮರೆಯುವುದಕ್ಕಿಂತ, ಹದವಾಗಿ ದಿನವೂ ಕೊಡುವುದು ಲೇಸು. ನೀರು ಬುಡಕ್ಕಿರಲಿ, ಎಲೆಗೆ ಬೇಡ. ಎಲೆಯ ಮೇಲೆ ರಾತ್ರಿಯಿಡೀ ನಿಂತ ತೇವ ಬೂಜು ರೋಗಕ್ಕೆ ಆಹ್ವಾನ.

ದಾವಣಗೆರೆಯ ರಾತ್ರಿ

ಇಂಗ್ಲೆಂಡಿನ ದೈತ್ಯ ಕುಂಬಳವನ್ನು ದಾವಣಗೆರೆಯಲ್ಲಿ ಬೆಳೆಯಬಹುದೇ? ಬೀಜ, ಗೊಬ್ಬರ, ಆರೈಕೆಯ ಮಾತು ಒತ್ತಟ್ಟಿಗಿರಲಿ. ಹಗಲು-ರಾತ್ರಿಯ ಲೆಕ್ಕವನ್ನಷ್ಟೇ ನೋಡೋಣ. ದಾವಣಗೆರೆ ಇರುವುದು ಸುಮಾರು ಹದಿನಾಲ್ಕೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿನ ಅತಿ ದೀರ್ಘ ಹಗಲು ಸುಮಾರು 13 ಗಂಟೆ. ದಕ್ಷಿಣ ಇಂಗ್ಲೆಂಡಿನಲ್ಲಿ ಜೂನ್ ತಿಂಗಳ ಹಗಲು 16 ಗಂಟೆಗೂ ಹೆಚ್ಚು. ಅಡುಗೆಗೆ ಅಲ್ಲಿ ದಿನಕ್ಕೆ ಮೂರು ಗಂಟೆಗೂ ಮೀರಿದ ಹೆಚ್ಚುವರಿ ಸಮಯ ದೊರೆಯುತ್ತದೆ.

ಎರಡನೆಯದು ಇರುಳಿನ ಉಷ್ಣತೆ. ರಾತ್ರಿಯೂ ಸಸ್ಯ ಉಸಿರಾಡುತ್ತದೆ, ಅಂದರೆ ಗಳಿಸಿದ ಸಕ್ಕರೆಯಲ್ಲಿ ಒಂದು ಪಾಲನ್ನು ಖರ್ಚು ಮಾಡುತ್ತದೆ. ಸ್ಥೂಲವಾಗಿ, ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಉಸಿರಾಟದ ದರ ಇಮ್ಮಡಿಯಾಗುತ್ತದೆ. ಏಪ್ರಿಲ್‌ನಲ್ಲಿ ದಾವಣಗೆರೆಯ ರಾತ್ರಿ 22-23 ಡಿಗ್ರಿಗಿಂತ ಹೆಚ್ಚು ತಣಿಯುವುದಿಲ್ಲ. ಇಂಗ್ಲೆಂಡಿನ ಬೇಸಿಗೆಯ ರಾತ್ರಿ 12-13 ಡಿಗ್ರಿಗೆ ಇಳಿಯುತ್ತದೆ. ನಮ್ಮ ಬಳ್ಳಿಯ ರಾತ್ರಿ ಖರ್ಚು ಹೆಚ್ಚುಕಡಿಮೆ ಎರಡರಷ್ಟು! ವಿದ್ಯಾನಗರದಂಥ ಬಡಾವಣೆಗಳಲ್ಲಿ ಇದರ ಮೇಲೆ ಇನ್ನೊಂದು ಹೊರೆಯುಂಟು. ಹಗಲೆಲ್ಲ ಕಾದ ಕಾಂಪೌಂಡ್ ಗೋಡೆ, ತಾರಸಿ ಮತ್ತು ರಸ್ತೆಗಳು ರಾತ್ರಿ ಬಹಳ ಹೊತ್ತು ಶಾಖವನ್ನು ಬಿಡುಗಡೆ ಮಾಡುತ್ತಿರುತ್ತವೆ. ಗೋಡೆಗೆ ಒತ್ತಿದ ಬಳ್ಳಿಗೂ ಮಣ್ಣಿನ ಹಿತ್ತಲಿನ ಬಳ್ಳಿಗೂ ಈ ಕಾರಣಕ್ಕೇ ವ್ಯತ್ಯಾಸ ಬರಬಹುದು.

ದೈತ್ಯ ತಳಿಗಳು ಹೆಚ್ಚು ಚುರುಕಾಗಿ ಆಹಾರ ತಯಾರಿಸುತ್ತವೆಯೆಂದು ತಿಳಿಯಬೇಡಿ. 2015ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಜೆಸಿಕಾ ಸ್ಯಾವೇಜ್ ಮತ್ತು ಸಂಗಡಿಗರು ಕಂಡದ್ದು ಬೇರೆ: ಈ ತಳಿಗಳಲ್ಲಿ ಸಕ್ಕರೆ ಸಾಗಿಸುವ ಫ್ಲೋಯಂ ಅಂಗಾಂಶವೇ ಹೆಚ್ಚಾಗಿದೆ.

ಮುಂಜಾನೆಯ ಹೂವು

ಕಾಯಿಯ ಭವಿಷ್ಯ ಹೂವಿನಲ್ಲೇ ನಿರ್ಧಾರವಾಗುವುದುಂಟು. ಕುಂಬಳದ ಹೂವು ನಸುಕಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತದೆ. ಜೇನ್ನೊಣ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಮುಟ್ಟಿಸಲು ಸಿಗುವ ಅವಧಿ ಕೆಲವೇ ಗಂಟೆ. ಆ ಬೆಳಿಗ್ಗೆ ಮಳೆ ಹಿಡಿದರೆ ಜೇನು ಬರುವುದಿಲ್ಲ. ದೀರ್ಘ ಹಗಲು ಮತ್ತು ಹೆಚ್ಚಿನ ಉಷ್ಣತೆಯಲ್ಲಿ ಗಂಡು ಹೂಗಳೇ ಹೆಚ್ಚಾಗುತ್ತವೆ. ಹಗಲು ಗಿಡ್ಡವಾಗಿ, ತಂಪಿದ್ದರೆ ಹೆಣ್ಣು ಹೂಗಳು ಹೆಚ್ಚುತ್ತವೆ.

ಹೀಚಿಗೆ ಬೆರಳು ತೋರಿಸಿದರೆ ಅದು ಕೊಳೆತು ಉದುರುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಪರಾಗಸ್ಪರ್ಶವಾಗದ ಹೀಚು ಕೆಲವು ದಿನಗಳಲ್ಲಿ ಹಳದಿಯಾಗಿ ಉದುರುತ್ತದೆ. ಹಣ್ಣುನೊಣ ಮೊಟ್ಟೆಯಿಟ್ಟ ಹೀಚು ಕೊಳೆಯುತ್ತದೆ. ಬೆರಳಿನ ತಪ್ಪೇನೂ ಇಲ್ಲ. ಬೇಕಾದರೆ ಹತ್ತು ಹೀಚುಗಳಿಗೆ ಬೆರಳು ತೋರಿಸಿ, ಹತ್ತಕ್ಕೆ ತೋರಿಸದೆ, ಲೆಕ್ಕವಿಡಿ.

ಅಳೆದು ನೋಡೋಣ

ಅಮೆರಿಕದ ಸಸ್ಯವಿಜ್ಞಾನಿ ಅಲೆಕ್ಸಾಂಡರ್ ಆಂಡರ್ಸನ್ 1890ರ ದಶಕದಲ್ಲಿ, ತಾನಾಗಿಯೇ ತೂಕ ದಾಖಲಿಸುವ ತಕ್ಕಡಿಯೊಂದನ್ನು ರೂಪಿಸಿ ಕುಂಬಳಕಾಯಿಯ ಬೆಳವಣಿಗೆಯನ್ನು ತೂಕದಿಂದ ಗುರುತಿಸಿದರು. ಮುಂದೆ 1901ರ ಸುಮಾರಿಗೆ, ಕಾಯಿಸಿದ ಕಾಳಿನೊಳಗಿನ ನೀರಿನ ಆವಿಯ ಒತ್ತಡದಿಂದ ಅಕ್ಕಿ, ಗೋಧಿಗಳನ್ನು ಅರಳಿಸುವ ವಿಧಾನ ಕಂಡುಹಿಡಿದವರೂ ಇವರೇ. ಮಂಡಕ್ಕಿಯ ಊರಾದ ದಾವಣಗೆರೆಯ ವಿದ್ಯಾರ್ಥಿಗಳಿಗೆ ಇದು ಸ್ವಾರಸ್ಯವೆನಿಸಬಹುದು!

ನಿಮಗೆ ಅಂಥ ತಕ್ಕಡಿ ಬೇಡ. ದರ್ಜಿಯ ಟೇಪು ಸಾಕು. ಶಾಲೆಯ ಕೈತೋಟದಲ್ಲೋ ಮನೆಯಂಗಳದಲ್ಲೋ ಒಂದೇ ದಿನ ಪರಾಗಸ್ಪರ್ಶವಾದ ಎರಡು ಕಾಯಿಗಳನ್ನು ಆರಿಸಿ. ಸುತ್ತಳತೆ ತೆಗೆಯುವ ಜಾಗವನ್ನು ಮಾರ್ಕರ್ ಪೆನ್ನಿನಿಂದ ಗುರುತಿಸಿ. ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6ಕ್ಕೆ ಮೂರು ಮೂರು ಬಾರಿ ಅಳೆದು ಸರಾಸರಿ ಬರೆಯಿರಿ. ಜೊತೆಗೆ ಗರಿಷ್ಠ, ಕನಿಷ್ಠ ಉಷ್ಣತೆ, ಮೋಡ, ಮಳೆ ಮತ್ತು ನೀರು ಹಾಕಿದ ಹೊತ್ತನ್ನು ದಾಖಲಿಸಿ.

ಲೆಕ್ಕ ಮಾಡುವಾಗ ಮೂರು ಎಚ್ಚರಿಕೆ ಅಗತ್ಯ. ಮೊದಲನೆಯದು, ರಾತ್ರಿಯ ಅವಧಿ 12 ಗಂಟೆ, ಹಗಲಿನ ಒಂದೊಂದು ಅವಧಿ 6 ಗಂಟೆ. ಆದ್ದರಿಂದ ಹೆಚ್ಚಳವನ್ನು ಗಂಟೆಗಳಿಂದ ಭಾಗಿಸಿಯೇ ಹೋಲಿಸಬೇಕು. ಎರಡನೆಯದು, ಸುತ್ತಳತೆಯ ಸಣ್ಣ ಹೆಚ್ಚಳ ಗಾತ್ರದಲ್ಲಿ ದೊಡ್ಡದು. 60 ಸೆಂ.ಮೀ. ಇದ್ದದ್ದು 63 ಆದರೆ ಹೆಚ್ಚಿದ್ದು ನೂರಕ್ಕೆ 5. ಆದರೆ ಗಾತ್ರ ಅದರ ಘನಕ್ಕೆ ಅನುಗುಣವಾಗಿ ನೂರಕ್ಕೆ ಸುಮಾರು 16ರಷ್ಟು ಹೆಚ್ಚಿರುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕಾಯಿಯ ಬೆಳವಣಿಗೆ ಮೊದಲು ನಿಧಾನ, ನಡುವೆ ಬಿರುಸು, ಕೊನೆಗೆ ಮತ್ತೆ ನಿಧಾನ. ಈ ವಾರ ಮೋಡವಿತ್ತು, ಕಾಯಿ ಕಡಿಮೆ ಬೆಳೆಯಿತು. ಮುಂದಿನ ವಾರ ಬಿಸಿಲಿತ್ತು, ಹೆಚ್ಚು ಬೆಳೆಯಿತು ಎಂದರೆ ಅದು ಬಿಸಿಲಿನ ಫಲವೋ ವಯಸ್ಸಿನ ಫಲವೋ? ಒಂದೇ ಕಾಯಿಯಿಂದ ಇದನ್ನು ಹೇಳಲಾಗದು. ಹತ್ತು ದಿನ ಹಿರಿಯ, ಹತ್ತು ದಿನ ಕಿರಿಯ ಕಾಯಿಗಳನ್ನೂ ಜೊತೆಯಲ್ಲಿ ಅಳೆಯಿರಿ. ಎಲ್ಲ ವಯಸ್ಸಿನ ಕಾಯಿಗಳೂ ಒಂದೇ ದಿನ ಹಿಂದೆಬಿದ್ದರೆ ಅದು ಹವೆಯ ಪ್ರಭಾವ. ಒಂದೊಂದು ಒಂದೊಂದು ದಿನ ಹಿಂದೆಬಿದ್ದರೆ ವಯಸ್ಸಿನದು. ಬೆಳೆಯ ಇಳುವರಿಯಿರಲಿ, ಮಕ್ಕಳ ಎತ್ತರವಿರಲಿ, ಬದಲಾವಣೆಯ ಕಾರಣ ಹುಡುಕುವಾಗಲೆಲ್ಲ ಕೇಳಬೇಕಾದ ಪ್ರಶ್ನೆಯಿದು. ಅದನ್ನು ಕಲಿಸಲು ಕುಂಬಳದ ಬಳ್ಳಿಗಿಂತ ಅಗ್ಗದ ಪ್ರಯೋಗಶಾಲೆ ಸಿಗುವುದು ಕಷ್ಟ.