ಕಾಳಗದ ವಿದ್ಯೆಯನ್ನು ಕಲಿಯಹೊರಟವರಿಗೆ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ದಿನವೂ ರೈಲಿನಲ್ಲಿ ಬಂದು ಕಾಲೇಜಿನಲ್ಲಿ ಓದುವ ಹೆಣ್ಣುಮಗಳೊಬ್ಬಳ ತಂದೆಯವರು ಕೆಲವು ತಿಂಗಳ ಹಿಂದೆ ನಮ್ಮ ಮನೆಗೆ ಬಂದಿದ್ದರು. ಜೊತೆಯಲ್ಲಿ ಹನ್ನೆರಡು ವರ್ಷದ ಮಗನೂ ಇದ್ದನು. "ಮೇಷ್ಟ್ರೇ, ಇಬ್ಬರಿಗೂ ಮೈಕಾಯುವಂಥ ಒಂದು ವಿದ್ಯೆಯನ್ನು ಕಲಿಸಬೇಕೆಂದಿದ್ದೇನೆ. ಕುಸ್ತಿಯೋ, ಕರಾಟೆಯೋ, ಬಾಕ್ಸಿಂಗೋ? ಎಲ್ಲಕ್ಕಿಂತ ಮೇಲಾದುದು ಯಾವುದೆಂದು ತಾವೇ ಹೇಳಿಬಿಡಿ" ಎಂದರು. ನಾನು ಪುಸ್ತಕ ಹಿಡಿದು ಬಾಳುವವನೇ ಹೊರತು ಪೈಲ್ವಾನನಲ್ಲ. ಆದರೂ ಯೌವನದಲ್ಲಿ ಈ ವಿಷಯವಾಗಿ ನಾಲ್ಕು ಪೆಟ್ಟು ತಿಂದವನಾದುದರಿಂದ, ಅವರಿಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ಬಾಯಿ ಬರಲಿಲ್ಲ. ಅಂದು ಅವರಿಗೆ ಹೇಳಿದುದನ್ನೇ ಸ್ವಲ್ಪ ವಿಸ್ತರಿಸಿ ಈಗ ತಮ್ಮ ಮುಂದೆ ಇಡುತ್ತೇನೆ.

ಯಾವ ವಿದ್ಯೆ ಮೇಲು ಎಂಬ ಪ್ರಶ್ನೆಗೆ, ಯಾರಿಗೆ, ಏತಕ್ಕೆ ಎಂಬುದನ್ನು ಸೇರಿಸದ ಹೊರತು ಅರ್ಥವಿಲ್ಲ. ಒಬ್ಬನಿಗೆ ಮೈ ಗಟ್ಟಿಯಾಗಬೇಕು. ಇನ್ನೊಬ್ಬನಿಗೆ ಪಂದ್ಯದಲ್ಲಿ ಗೆಲ್ಲಬೇಕು. ಮತ್ತೊಬ್ಬಳಿಗೆ ಸಂಜೆ ಆರರ ಮೇಲೆ ನಿಲ್ದಾಣದಿಂದ ಮನೆಗೆ ಧೈರ್ಯವಾಗಿ ನಡೆದುಹೋಗಬೇಕು. ಈ ಮೂರೂ ಬೇರೆ ಬೇರೆ. ಇನ್ನು ವಿದ್ಯೆಗಳಾದರೋ ನೂರು ಹೆಸರಿನವು ಇದ್ದರೂ ಮೂಲದಲ್ಲಿ ಕೆಲವೇ ಬಗೆಯವು. ಎದುರಾಳಿಯನ್ನು ಹಿಡಿದು ಕೆಡಹುವುದು ಒಂದು. ನಮ್ಮ ಕುಸ್ತಿಯೂ ಜಪಾನಿನ ಜೂಡೋವೂ ಈ ಜಾತಿಯವು. ದೂರದಲ್ಲಿ ನಿಂತು ಕೈಕಾಲುಗಳಿಂದ ಹೊಡೆಯುವುದು ಇನ್ನೊಂದು. ಮುಷ್ಟಿಯುದ್ಧ, ಕರಾಟೆ, ಟೇಕ್ವಾಂಡೋಗಳು ಇದಕ್ಕೆ ಸೇರಿದುವು. ಕೋಲು ಕತ್ತಿಗಳ ವರಸೆ ಮತ್ತೊಂದು. ಕೇರಳದ ಕಳರಿಯಲ್ಲಿ ಬರಿಗೈಯೂ ಆಯುಧವೂ ಎರಡೂ ಉಂಟು.

ನಮ್ಮ ಊರುಗಳಲ್ಲಿ ಹಳಬರಿಗೆ ಮೊದಲು ನೆನಪಾಗುವುದು ಗರಡಿಯ ಮನೆಯೇ. (ಆಗುಂಬೆಯ ಘಾಟಿಯನ್ನಿಳಿದು ತುಳುನಾಡಿಗೆ ಹೋದರೆ ಗರಡಿಯೆಂದರೆ ಕೋಟಿ ಚೆನ್ನಯರ ಗುಡಿ, ಒಂದೇ ಮಾತು ಬೆಟ್ಟದ ಆಚೆಗೆ ದೇವಸ್ಥಾನವಾಗಿದೆ. ಈಚೆಯ ಗರಡಿಯಲ್ಲಿಯೂ ಹನುಮಂತನ ಪಟಕ್ಕೆ ಕೈಮುಗಿಯದೆ ಯಾರೂ ಮಣ್ಣಿಗೆ ಇಳಿಯುವುದಿಲ್ಲ.) ಕೆಮ್ಮಣ್ಣನ್ನು ಜರಡಿ ಹಿಡಿದು, ಊರೂರಿನ ಪದ್ಧತಿಯಂತೆ ಎಣ್ಣೆ, ತುಪ್ಪ, ಅರಿಶಿನ ಮೊದಲಾದುವನ್ನು ಬೆರೆಸಿ ಹದಮಾಡಿದ ಆ ಮಟ್ಟಿಯು ಕೇವಲ ಶಾಸ್ತ್ರಕ್ಕಾಗಿ ಇರುವುದಲ್ಲ. ಬಿದ್ದವನ ಮೂಳೆಯನ್ನು ಕಾಯುವುದು ಅದೇ. ಬೆವರಿದ ಮೈಮೇಲೆ ಹಿಡಿತ ಜಾರದಂತೆ ಮಾಡುವುದೂ ಅದೇ. ಅದನ್ನು ಸನಿಕೆಯಿಂದ ಅಗೆದು ಹದಗೊಳಿಸುವ ಕೆಲಸವೇ ಹೊಸ ಹುಡುಗನ ಮೊದಲನೆಯ ಸಾಮು. ಆಮೇಲೆ ಬಸ್ಕಿ, ದಂಡ, ಗದೆ. ಪಟ್ಟು ಕಲಿಯುವ ಭಾಗ್ಯವು ಬಹಳ ದಿನಗಳ ಮೇಲೆ ಬರತಕ್ಕುದು.

ಈ ವಿದ್ಯೆ ನಮ್ಮ ನಾಡಿನಲ್ಲಿ ಎಷ್ಟು ಹಳೆಯದೆಂಬುದಕ್ಕೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವೇ ಸಾಕ್ಷಿ. ಅದರ ಮಲ್ಲವಿನೋದ ಪ್ರಕರಣದಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗನುಸಾರವಾಗಿ ವಿಂಗಡಿಸಿ, ಅವರ ಸಾಧನೆ ಹೇಗಿರಬೇಕು, ಆಹಾರವೇನು ಎಂಬುದನ್ನೆಲ್ಲ ಹೇಳಿದೆ. ಸಮಬಲರನ್ನೇ ಜೋಡಿ ಕಟ್ಟಬೇಕೆಂಬ ವಿವೇಕವು ತೂಕದ ಯಂತ್ರ ಬರುವುದಕ್ಕೆ ಎಷ್ಟೋ ಮೊದಲೇ ಇದ್ದಿತು. ಮೈಸೂರಿನ ದಸರೆಯಲ್ಲಿ ಜಟ್ಟಿಗಳು ತೋರಿಸುವ ವಜ್ರಮುಷ್ಟಿ ಕಾಳಗವನ್ನು ನೋಡಿದವರು ಅದನ್ನು ಹೊಸಬರ ವಿದ್ಯೆಯೆಂದು ಎಣಿಸಬಾರದು. ತಲೆಯಿಂದ ರಕ್ತ ಚಿಮ್ಮಿದರೆ ಮುಗಿಯುವ ಆ ಕಾಳಗವು ಒಂದು ಮನೆತನದ ವ್ರತ. ನಾವು ಕಲಿಯಬಹುದಾದದ್ದು ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆಯಲ್ಲಿ ಕಾಣುವ ನಾಡಕುಸ್ತಿ.

ಹೊಸಬನಿಗೆ ಕುಸ್ತಿಯಿಂದಾಗುವ ದೊಡ್ಡ ಲಾಭವೇನೆಂದರೆ, ಅಲ್ಲಿ ಆತ್ಮವಂಚನೆಗೆ ಸ್ಥಳವಿಲ್ಲ. ಗಾಳಿಯಲ್ಲಿ ಕೈಬೀಸುವವನು ತಾನು ಶೂರನೆಂದು ವರ್ಷಗಟ್ಟಲೆ ನಂಬಿಕೊಂಡಿರಬಹುದು. ಮಣ್ಣಿನಲ್ಲಾದರೋ ಎದುರಿಗಿರುವವನು ತನ್ನ ಪೂರ್ಣಬಲದಿಂದ ಅಡ್ಡಿಮಾಡುತ್ತಾನೆ. ಪಟ್ಟು ಸರಿಯಾಗಿದ್ದರೆ ಅವನು ಬೀಳುವನು, ತಪ್ಪಿದರೆ ನೀವು ಬೀಳುವಿರಿ. 1952ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ ಕೂಟದಲ್ಲಿ ಕಂಚಿನ ಪದಕ ಪಡೆದ ಕೆ. ಡಿ. ಜಾಧವರು ಮಣ್ಣಿನಲ್ಲಿ ಬೆಳೆದವರೇ. ದೋಷಗಳೂ ಇವೆ. ಮಣ್ಣಿನಲ್ಲಿ ಮೈಗೆ ಮೈ ಉಜ್ಜುವುದರಿಂದ ಹುಳುಕಡ್ಡಿ ಹಬ್ಬುವುದುಂಟು, ಕಿವಿ ಜಜ್ಜಿಹೋಗುವುದುಂಟು. ಹಾಲು, ಬಾದಾಮಿ, ತುಪ್ಪಗಳ ಮಾತು ಕೇಳಿ ಬಡವರು ಹಿಂಜರಿಯುತ್ತಾರೆ. ಅಂಗಸಾಧನೆಯ ಮೊದಲ ವರ್ಷಕ್ಕೆ ಮನೆಯ ರಾಗಿ, ಬೇಳೆ, ಶೇಂಗಾ, ಮೊಟ್ಟೆಗಳು ಸಾಲುವುವೆಂದು ನನ್ನ ಅಭಿಪ್ರಾಯ. ಎಲ್ಲಕ್ಕಿಂತ ದೊಡ್ಡ ದೋಷವೆಂದರೆ, ಹಳೆಯ ಗರಡಿಗಳ ಹೊಸ್ತಿಲನ್ನು ಹೆಂಗಸರು ದಾಟುವಂತಿರಲಿಲ್ಲ. ಈಗ ಮ್ಯಾಟಿನ ಮೇಲಿನ ಕುಸ್ತಿಯಲ್ಲಿ ಈ ಕಟ್ಟು ಸಡಿಲವಾಗಿದೆ. 2004ರಿಂದ ಒಲಿಂಪಿಕ್ಕಿನಲ್ಲಿ ಸ್ತ್ರೀಯರ ಕುಸ್ತಿಯೂ ಸೇರಿದ್ದು, 2016ರಲ್ಲಿ ಸಾಕ್ಷಿ ಮಲಿಕ್ಕರು ಕಂಚು ಗೆದ್ದರು. ದಸರೆಯ ಅಖಾಡದಲ್ಲಿಯೂ ಹೆಣ್ಣುಮಕ್ಕಳ ಜೋಡಿಗಳನ್ನು ಕಾಣಬಹುದು.

ಜೂಡೋವನ್ನು 1882ರಲ್ಲಿ ಸ್ಥಾಪಿಸಿದ ಜಿಗೊರೊ ಕಾನೊ ಎಂಬವರು ವೃತ್ತಿಯಿಂದ ಉಪಾಧ್ಯಾಯರು. (ಈ ಸಂಗತಿ ನನಗೆ ಒಳಗೊಳಗೇ ಸಂತೋಷ ಕೊಡುತ್ತದೆ.) ಪ್ರಾಣಾಪಾಯದ ಹಳೆಯ ಪಟ್ಟುಗಳನ್ನು ಅಭ್ಯಾಸದಿಂದ ಬೇರ್ಪಡಿಸಿ, ಉಳಿದುವನ್ನು ಪೂರ್ಣಬಲದಿಂದ ಅಭ್ಯಾಸ ಮಾಡಿಸಿದ್ದು ಅವರ ಜಾಣತನ. ಅಲ್ಲಿ ಮೊದಲು ಕಲಿಸುವುದು ಎತ್ತಿ ಹಾಕುವುದನ್ನಲ್ಲ, ಬೀಳುವುದನ್ನು. ಗದ್ದವನ್ನು ಎದೆಗೆ ಒತ್ತಿ, ತಲೆಯ ಹಿಂಭಾಗ ನೆಲಕ್ಕೆ ತಗಲದಂತೆ, ತೋಳಿನಿಂದ ನೆಲವನ್ನು ಬಡಿದು ಬೀಳುವ ಈ ಅಭ್ಯಾಸವನ್ನು ನಾನು ಕಲಿಯದೆ ಹೋದೆ. ಕಾಲೇಜಿನ ದಿನಗಳಲ್ಲಿ ಒಂದು ಊರಿನ ಒಂದು ವ್ಯಾಯಾಮಶಾಲೆಗೆ ಸೇರಿದ ಎರಡನೆಯ ದಿನವೇ, ಹೊಸಬನೆಂಬುದನ್ನು ಲೆಕ್ಕಿಸದೆ, ಒಬ್ಬ ಬಲಿಷ್ಠನೊಡನೆ ನನ್ನನ್ನು ಬಿಟ್ಟರು. ಕೈಯೂರಿ ಬಿದ್ದೆ, ಭುಜ ಕಳಚಿತು. ಮಳೆಗಾಲ ಬಂದರೆ ಇಂದಿಗೂ ಕರಿಹಲಗೆಯ ಮೇಲ್ಭಾಗದಲ್ಲಿ ಬರೆಯಲಾರೆ.

ಕರಾಟೆಗೆ ಬರೋಣ, ಏಕೆಂದರೆ ನಮ್ಮ ಎರಡು ಪಟ್ಟಣಗಳಲ್ಲಿ ಬಿಳಿಯ ಉಡುಪಿನ ಮಕ್ಕಳು ಸಾಲಾಗಿ ನಿಂತು ಕೂಗುವ ದೃಶ್ಯವೇ ಹೆಚ್ಚು ಪರಿಚಿತ. ಓಕಿನಾವಾ ದ್ವೀಪದ ಈ ವಿದ್ಯೆಯನ್ನು ಫುನಾಕೋಶಿ ಎಂಬ ಮತ್ತೊಬ್ಬ ಉಪಾಧ್ಯಾಯರು 1922ರಲ್ಲಿ ಟೋಕಿಯೋದಲ್ಲಿ ಪ್ರದರ್ಶಿಸಿದರು. ಬಣ್ಣದ ನಡುಪಟ್ಟಿಯ ಪದ್ಧತಿ ಅವರದಲ್ಲ, ಜೂಡೋದಿಂದ ಬಂದುದು. ಮೊದಲನೆಯ ಕಪ್ಪುಪಟ್ಟಿಗೆ ಜಪಾನೀಯರು ಇಟ್ಟ ಹೆಸರು 'ಶೋದಾನ್'. ಆರಂಭದ ಮೆಟ್ಟಿಲು ಎಂಬುದೇ ಅದರ ಅರ್ಥ. ನಮ್ಮಲ್ಲಿಯಾದರೋ ತಂದೆತಾಯಿಗಳು ಅದನ್ನು ಪದವಿಪತ್ರವೆಂದು ತಿಳಿದಿದ್ದಾರೆ. ಎರಡು ಮೂರು ತಿಂಗಳಿಗೊಂದು ಪರೀಕ್ಷೆ, ಪರೀಕ್ಷೆಗೊಂದು ಶುಲ್ಕ, ಶುಲ್ಕಕ್ಕೊಂದು ಬಣ್ಣ ಎಂಬ ವ್ಯವಸ್ಥೆ ಕಂಡರೆ ಸ್ವಲ್ಪ ನಿಂತು ಆಲೋಚಿಸತಕ್ಕದ್ದು. ವಿದ್ಯೆಯಲ್ಲಿ ಕೊರತೆಯಿಲ್ಲ; ಒಳ್ಳೆಯ ಗುರುವಿನ ಕೈಯಲ್ಲಿ ಅದು ಮಗುವಿಗೆ ನಿಲುವು, ಸಮತೋಲ, ಗಮನಗಳನ್ನು ಕೊಡುವುದು. ಆದರೆ ಜೋಡಿಯಾಗಿ ನಿಂತು, ಎದುರಾಳಿಯ ಪೆಟ್ಟನ್ನು ನಿಜವಾಗಿ ತಡೆಯುವ ಅಭ್ಯಾಸವಿಲ್ಲದಿದ್ದರೆ ಅದು ಕವಾಯಿತಾಗಿಯೇ ಉಳಿಯುವುದು. ಟೇಕ್ವಾಂಡೋಗೂ ಇದೇ ಮಾತು ಸಲ್ಲುವುದು. ಅದರಲ್ಲಿ ಕಾಲಿನ ಹೊಡೆತ ಹೆಚ್ಚು, ಮಕ್ಕಳಿಗೆ ಬಲು ಇಷ್ಟ.

ಬಾಕ್ಸಿಂಗಿನಷ್ಟು ಬೇಗ ಧೈರ್ಯ ಕಲಿಸುವ ವಿದ್ಯೆ ಇನ್ನೊಂದಿಲ್ಲವೆನ್ನುತ್ತಾರೆ, ನಿಜವಿರಬಹುದು. ಆದರೆ ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನಿಂದ ಮಿದುಳಿಗೆ ಹಾನಿಯಾಗುವುದೆಂದು ಅಮೆರಿಕದ ಮಾರ್ಟ್‌ಲ್ಯಾಂಡ್ ಎಂಬ ವೈದ್ಯರು 1928ರಲ್ಲಿಯೇ ಬರೆದರು. ಕೈಗವಸು ಹೊಡೆಯುವವನ ಮುಷ್ಟಿಯನ್ನು ಚೆನ್ನಾಗಿ ಕಾಯುವುದು, ಹೊಡೆಸಿಕೊಳ್ಳುವವನ ಮಿದುಳನ್ನು ಅಷ್ಟಾಗಿ ಕಾಯಲಾರದು. ಚೀಲ ಗುದ್ದಿ, ಹೆಜ್ಜೆ ಕಲಿತು, ಹಗುರವಾಗಿ ಆಡುವವರೆಗೆ ಅಡ್ಡಿಯಿಲ್ಲ. ಎಳೆಯ ಮಕ್ಕಳ ತಲೆಯನ್ನು ಪಂದ್ಯಕ್ಕೆ ಒಡ್ಡುವುದಕ್ಕೆ ನನ್ನ ಸಮ್ಮತಿಯಿಲ್ಲ.

ಇಷ್ಟನ್ನು ಕೇಳಿ ಆ ತಂದೆಯವರು, "ಹಾಗಾದರೆ ನನ್ನ ಮಗಳಿಗೆ?" ಎಂದರು. ಅವರ ಮನಸ್ಸಿನಲ್ಲಿದ್ದ ಭಯ ಅದೇ. ಸರ್ಕಾರದವರು ವಿದ್ಯಾರ್ಥಿನಿಯರಿಗೆ ಏರ್ಪಡಿಸಿದ ಆತ್ಮರಕ್ಷಣೆಯ ಶಿಕ್ಷಣಕ್ಕೆ ಪಕ್ಕದ ಚಿತ್ರದುರ್ಗದ ಓಬವ್ವನ ಹೆಸರನ್ನಿಟ್ಟಿರುವುದು ಉಚಿತವೇ. ಆದರೆ ಓಬವ್ವನು ಕೈಗೆತ್ತಿಕೊಂಡದ್ದು ದಿನವೂ ಭತ್ತ ಕುಟ್ಟುತ್ತಿದ್ದ ಒನಕೆಯನ್ನು ಎಂಬುದನ್ನು ಮರೆಯಬಾರದು. ತೋಳಿಗೆ ವರ್ಷಗಳ ಅಭ್ಯಾಸವಿತ್ತು. ಕೆಲವೇ ವಾರಗಳ ಶಿಬಿರದಲ್ಲಿ ಕಲಿತ ಹತ್ತು ತಂತ್ರಗಳು ಗಾಬರಿಯ ಹೊತ್ತಿನಲ್ಲಿ ಹತ್ತೂ ಮರೆತುಹೋಗುವುವು. ನೂರಾರು ಸಾರಿ ಮಾಡಿದ ಎರಡು ಉಳಿಯುವುವು. ಗಟ್ಟಿಯಾಗಿ ಕೂಗುವುದು, ಹಿಡಿದ ಕೈಯಿಂದ ಮಣಿಕಟ್ಟನ್ನು ಬಿಡಿಸಿಕೊಳ್ಳುವುದು, ಬಿದ್ದರೆ ಕೂಡಲೇ ಏಳುವುದು, ದಾರಿ ಸಿಕ್ಕೊಡನೆ ಓಡುವುದು: ಇವನ್ನು ಜೀವಂತ ಎದುರಾಳಿಯೊಡನೆ ವಾರಕ್ಕೆ ಮೂರು ದಿನವಾದರೂ ಮಾಡಿಸುವ ಶಾಲೆ ಯಾವ ಹೆಸರಿನದಾದರೂ ಸರಿಯೆಂದೆನು. ತಪ್ಪು ಬೀದಿಯಲ್ಲಿ ಹಲ್ಲೆ ಮಾಡುವವನದು, ಕಲಿಯದೆ ಹೋದ ಹುಡುಗಿಯದಲ್ಲವೆಂದೂ ಹೇಳಿದೆ. ಅವರು ತಲೆಯಾಡಿಸಿದರು.

ಶಾಲೆಯನ್ನು ಪರೀಕ್ಷಿಸುವುದು ಕಷ್ಟವಲ್ಲ. ಹಣ ಕಟ್ಟುವ ಮೊದಲು ಒಂದು ಸಂಜೆ ಹೋಗಿ ಮೂಲೆಯಲ್ಲಿ ಕುಳಿತುಕೊಳ್ಳಿ. ಕುಳಿತುಕೊಳ್ಳಗೊಡದಿದ್ದರೆ ಅಲ್ಲಿಂದಲೇ ಹಿಂದಿರುಗಿ. ಹೊಸಬರನ್ನು ಯಾರೊಡನೆ ಜೋಡಿ ಮಾಡುತ್ತಾರೆಂಬುದನ್ನು ಗಮನಿಸಿ. ಸೋತವನು ನೆಲವನ್ನು ತಟ್ಟಿದೊಡನೆ ಗೆದ್ದವನು ಬಿಡುತ್ತಾನೆಯೇ ನೋಡಿ. ಹೆಣ್ಣುಮಕ್ಕಳ ಮೈಮುಟ್ಟಿ ತಿದ್ದಬೇಕಾದಾಗ ಗುರುವಿನ ನಡತೆ ಹೇಗಿದೆ, ಬಾಗಿಲು ತೆರೆದಿದೆಯೇ, ಬೇರೆ ಹೆಂಗಸರು ಇದ್ದಾರೆಯೇ? ಒಂದು ವರ್ಷಕ್ಕೆ ಮೇಲ್ಪಟ್ಟು ಬರುತ್ತಿರುವ ಶಿಷ್ಯರು ಎಷ್ಟು ಮಂದಿ, ಅವರಲ್ಲಿ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡವರು ಎಷ್ಟು ಮಂದಿ? ಇನ್ನು ದೂರದ ಮಾತು. ದೂರದ ದೊಡ್ಡ ಗುರುವಿಗಿಂತ, ಕಾಲ್ನಡಿಗೆಯಲ್ಲಿ ತಲಪಬಹುದಾದ ಸಾಧಾರಣ ಗುರುವೇ ಹೊಸಬನಿಗೆ ಮೇಲು. ಮಲೆನಾಡಿನ ಮಳೆಯಲ್ಲಿ ಇದರ ಸತ್ಯ ತಿಳಿಯುವುದು. ನನ್ನ ವಯಸ್ಸಿನವರು ಇಳಿಯುವುದಾದರೆ ಮೊದಲು ವೈದ್ಯರಿಗೆ ಎದೆಯನ್ನೂ ಮೊಣಕಾಲನ್ನೂ ತೋರಿಸತಕ್ಕದ್ದು.

ಹುಡುಗನನ್ನು ಗರಡಿಗೆ ಸೇರಿಸಿದರು. ಐದು ಗಂಟೆಗೆ ಏಳಲಾರದೆ ಒಂಬತ್ತನೆಯ ದಿನ ಬಿಟ್ಟನೆಂದು ಕೇಳಿದೆ. ಹೆಣ್ಣುಮಗಳು ತಾನೇ ಮೂರು ಕಡೆ ಹೋಗಿ ಕುಳಿತು ನೋಡಿ, ಭದ್ರಾವತಿಯಲ್ಲಿ ತನ್ನ ಮನೆಗೆ ಹತ್ತಿರವಿದ್ದ ಒಂದು ಮ್ಯಾಟಿನ ಕುಸ್ತಿಯ ತರಗತಿಯನ್ನು ಆರಿಸಿಕೊಂಡಳು. ಈಗ ನಾಲ್ಕನೆಯ ತಿಂಗಳು. ಮೊನ್ನೆ ಕಾಲೇಜಿನ ಮೆಟ್ಟಿಲ ಬಳಿ ಸಿಕ್ಕಿದಾಗ, "ಬೀಳುವುದಕ್ಕೆ ಬಂತೇನಮ್ಮಾ?" ಎಂದು ಕೇಳಿದೆ. "ಎಡಗಡೆಗೆ ಬಂತು ಸಾರ್, ಬಲಗಡೆಗೆ ಇನ್ನೂ ಭಯ" ಎಂದಳು. ಆಕೆಯ ತಂದೆಯವರು ಮಾತ್ರ ಈ ವಿದ್ಯೆಯಲ್ಲಿ ಪಟ್ಟಿಯ ಬಣ್ಣ ಯಾವಾಗ ಬರುವುದೆಂದು ಇನ್ನೂ ಕೇಳುತ್ತಲೇ ಇದ್ದಾರೆ.